ನಿಧಾನಕ್ಕೆ ಹೊಣೆ ಯಾರು? ತೂಬಿನ ಬಳಿ ಅಳೆಯಲಿ

ತಿಂಗಳ 20ನೇ ತಾರೀಖು ಸಮೀಪಿಸಿದಂತೆ ಜಿಎಸ್‌ಟಿ ವಿವರಪಟ್ಟಿಯ ಧಾವಂತ ನಮ್ಮ ವರ್ತಕ ಬಾಂಧವರಿಗೆ ಹೊಸದೇನಲ್ಲ. ಹೊಸಪೇಟೆಯ ಬಿಡಿಭಾಗ ತಯಾರಕರಾಗಲಿ, ಸಂಡೂರಿನ ಅದಿರು ಸಾಗಣೆದಾರರಾಗಲಿ, ಹಂಪಿಯ ವಸತಿಗೃಹದವರಾಗಲಿ, ಲೆಕ್ಕಪತ್ರವನ್ನು ಬಾಡಿಗೆ ಸರ್ವರ್‌ನಲ್ಲಿ ಇಟ್ಟವರಿಗೆ ಅಂದೇ ಯಂತ್ರ ತೆವಳತೊಡಗಿದರೆ ನಷ್ಟ ನಿಶ್ಚಿತ. ತಡವಾಗಿ ಕಟ್ಟಿದ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿಯಿದೆ. ಕೇಳಿದರೆ ಸರ್ವರ್‌ನವರು ತಂತ್ರಾಂಶವನ್ನೂ, ತಂತ್ರಾಂಶದವರು ಸರ್ವರನ್ನೂ ದೂರುತ್ತಾರೆ.

ಬಾಡಿಗೆ ಸರ್ವರ್ ಸಾಮಾನ್ಯವಾಗಿ ಪ್ರತ್ಯೇಕ ಯಂತ್ರವಲ್ಲ. ಒಂದು ದೊಡ್ಡ ಯಂತ್ರದೊಳಗೆ ನಡೆಯುವ ಹಲವು ವರ್ಚುವಲ್ ಯಂತ್ರಗಳಲ್ಲಿ ಒಂದು. ದೊಡ್ಡದು ಆತಿಥೇಯ, ಒಳಗಿನವು ಅತಿಥಿಗಳು. ನಮ್ಮ ಸ್ಥಿತಿ ತುಂಗಭದ್ರಾ ಕಾಲುವೆಯ ಕೊನೆಭಾಗದ ರೈತನಂತೆ. ನೀರು ಕಡಿಮೆಯಾದದ್ದು ಕಾಣುತ್ತದೆ. ತೂಬಿನಲ್ಲಿಯೇ ಕಡಿಮೆ ಬಿಟ್ಟರೋ, ನಮ್ಮ ಹೊಲಗಾಲುವೆಯೇ ಹೂಳು ತುಂಬಿದೆಯೋ ತಿಳಿಯದು. ತೂಬಿನ ಬಳಿ ಅಳೆದರೆ ಮಾತ್ರ ಉತ್ತರ ದೊರೆಯುತ್ತದೆ.

ಅಂತಹ ಅಳತೆಗೋಲು ಈಗಾಗಲೇ ಇದೆ. 2007ರಲ್ಲಿ ಲಿನಕ್ಸ್‌ಗೆ ಸೇರಿದ ಕೆವಿಎಂ ವ್ಯವಸ್ಥೆಯ ಅತಿಥಿಗಳನ್ನು ಆತಿಥೇಯದಿಂದಲೇ ಪರೀಕ್ಷಿಸುವ ‘ಪರ್ಫ್ ಕೆವಿಎಂ’ ಸಾಧನ 2010ರಿಂದ ಲಭ್ಯವಿದೆ. ಅದು ಸಂಸ್ಕಾರಕದ ಎಣಿಕೆ ಮಾಪಕಗಳ ನೆರವಿನಿಂದ ಆಗಾಗ ಮಾದರಿ ತೆಗೆದು, ಸಮಯ ಅತಿಥಿಯೊಳಗೆ ವ್ಯಯವಾಯಿತೋ ಆತಿಥೇಯದಲ್ಲೋ ಎಂದು ವಿಂಗಡಿಸುತ್ತದೆ. ಅತಿಥಿ ಯಾವ ಕಾರಣಕ್ಕೆ ಎಷ್ಟು ಬಾರಿ ಆತಿಥೇಯದತ್ತ ಮರಳಿತೆಂದೂ ಎಣಿಸುತ್ತದೆ. ಅತಿಥಿ ಲಿನಕ್ಸ್ ಆಗಿದ್ದರೆ, ಸರದಿಗಾಗಿ ಕಾದು ಕಳೆದುಕೊಂಡ ‘ಕದ್ದ ಸಮಯ’ವನ್ನು ಒಳಗಿನಿಂದಲೂ ನೋಡಬಹುದು. ಅದು ಹೆಚ್ಚಿದ್ದರೆ ಒಂದೇ ಯಂತ್ರದಲ್ಲಿ ಮಿತಿಮೀರಿ ಬಾಡಿಗೆದಾರರನ್ನು ತುಂಬಲಾಗಿದೆಯೆಂಬ ಶಂಕೆಗೆ ಆಧಾರವಿದೆ.

ಆದರೆ ಈ ಸಾಧನ ಸರ್ವಶಕ್ತವಲ್ಲ. ಅತಿಥಿಯೊಳಗಿನ ವಿಳಾಸಗಳಿಗೆ ಹೆಸರು ಕೊಡಲು ಅತಿಥಿಯ ಸಂಕೇತಪಟ್ಟಿ ಬೇಕು. ಅದಕ್ಕೆ ನಮ್ಮ ತಂತ್ರಾಂಶದವರ ಸಹಕಾರ ಅಗತ್ಯ. ಗೋಪ್ಯತೆಯ ಪ್ರಶ್ನೆಯೂ ಸಹಜ. ಸಾಮಾನ್ಯ ಮಾದರಿಯಲ್ಲಿ ದಾಖಲಾಗುವುದು ಆ ಕ್ಷಣ ನಡೆಯುತ್ತಿದ್ದ ಆದೇಶದ ವಿಳಾಸವೇ ಹೊರತು ಖಾತೆಯ ಅಂಕಿಗಳಲ್ಲ. ಆದರೂ ಆತಿಥೇಯವನ್ನು ಆಳುವವರಿಗೆ ಅತಿಥಿಯ ಸ್ಮೃತಿಯನ್ನು ಓದುವ ಸಾಮರ್ಥ್ಯ ಸಾಮಾನ್ಯವಾಗಿ ಇರುವುದರಿಂದ ಲಿಖಿತ ನಿರ್ಬಂಧ ಅವಶ್ಯ.

ಆದುದರಿಂದ ಒಪ್ಪಂದ ನವೀಕರಿಸುವಾಗ ಮೂರು ಷರತ್ತುಗಳನ್ನು ಸೇರಿಸುವುದು ಲೇಸು: ದೂರು ಬಂದಾಗ ಆತಿಥೇಯದ ಕಡೆಯ ಅಳತೆಯ ವರದಿ ನೀಡಬೇಕು, ಕದ್ದ ಸಮಯಕ್ಕೆ ಮಿತಿಯಿದ್ದು, ಮೀರಿದರೆ ಬಾಡಿಗೆಯಲ್ಲಿ ಕಡಿತವಾಗಬೇಕು, ಪರೀಕ್ಷೆ ನಮ್ಮ ಅನುಮತಿಯಿಂದಲೇ ನಡೆಯಬೇಕು. ತಕ್ಕಡಿಯನ್ನು ಪರೀಕ್ಷಿಸದೆ ಸರಕು ಕೊಳ್ಳದ ನಾವು, ಸರ್ವರ್ ಬಾಡಿಗೆಯನ್ನು ಮಾತ್ರ ಅಳತೆಯಿಲ್ಲದೆ ಏಕೆ ತೆರಬೇಕು? ಒಬ್ಬೊಬ್ಬರಾಗಿ ಕೇಳುವುದಕ್ಕಿಂತ ಸದಸ್ಯರೆಲ್ಲ ಒಟ್ಟಾಗಿ ಕೇಳಿದರೆ ಫಲ ಬೇಗ ದೊರೆಯುವುದು.