ವಾರ್ಸಾ ನಗರದ ಪುನಾರಚನೆ: ಪಾಠಾಂತರಗಳು ಮತ್ತು ಗ್ರಂಥಪಾತಗಳು

ಪೋಲೆಂಡಿನ ರಾಜಧಾನಿ ವಾರ್ಸಾದ ಹಳೆಯ ಪಟ್ಟಣವು ವಿಸ್ತುಲಾ ನದಿಯ ಎಡದಂಡೆಯ ದಿಣ್ಣೆಯ ಮೇಲಿದೆ. ಅದರ ನಡುವಿನ ಮಾರುಕಟ್ಟೆ ಚೌಕವನ್ನು ಮೊದಲ ಬಾರಿಗೆ ನೋಡುವವರಿಗೆ 17ನೆಯ ಶತಮಾನದ ಯೂರೋಪು ಎದುರಿಗೆ ನಿಂತಂತೆ ತೋರುತ್ತದೆ. ಕಿರಿದಾದ ಮುಖದ ಎತ್ತರದ ಮನೆಗಳು, ಕೆತ್ತನೆಯ ಬಾಗಿಲುವಾಡಗಳು, ಚಿತ್ರ ಬರೆದ ಹೊರಗೋಡೆಗಳು, ಕಲ್ಲು ಹಾಸಿದ ಅಂಗಳ ಎಲ್ಲವೂ ಪ್ರಾಚೀನವೆಂಬ ಭಾವವನ್ನು ಹುಟ್ಟಿಸುತ್ತವೆ. ಆದರೆ ಈ ಚೌಕವನ್ನು ಸಾರ್ವಜನಿಕರಿಗೆ ತೆರೆದುಕೊಟ್ಟದ್ದು 1953ರ ಜುಲೈ 22ರಂದು. ಕಣ್ಣಿಗೆ ಹಳತಾಗಿ ಕಾಣುವ ಗೋಡೆಗಳಲ್ಲಿ ಬಹುಪಾಲು ಎರಡನೆಯ ಮಹಾಯುದ್ಧದ ತರುವಾಯ ಎದ್ದು ನಿಂತವು. ಹಾಗಾದರೆ ಇದು ಐತಿಹಾಸಿಕ ನಗರವೋ, ಐತಿಹಾಸಿಕ ನಗರದ ಪ್ರತಿಕೃತಿಯೋ?

ವಾಸ್ತುಶಿಲ್ಪ ತಜ್ಞರನ್ನು ಬಹುಕಾಲ ಕಾಡಿದ ಈ ಪ್ರಶ್ನೆಯು ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಕವಿಯ ಸ್ವಹಸ್ತಾಕ್ಷರದ ಪ್ರತಿ ನಷ್ಟವಾಗಿ, ಕಾಲಾಂತರದ ಹಸ್ತಪ್ರತಿಗಳ ನೆರವಿನಿಂದ ಸಂಪಾದಕನು ಸಿದ್ಧಪಡಿಸಿದ ಕಾವ್ಯವನ್ನು ಯಾರೂ ನಕಲಿಯೆಂದು ಕರೆಯುವುದಿಲ್ಲ. ಪ್ರತಿಗಳ ಆಧಾರವೇನು, ಸಂಪಾದಕನು ಎಲ್ಲಿ ಆಯ್ದಿದ್ದಾನೆ, ಎಲ್ಲಿ ಊಹಿಸಿದ್ದಾನೆ, ಎಲ್ಲಿ ಕೈಬಿಟ್ಟಿದ್ದಾನೆ ಎಂದು ವಿಚಾರಿಸುತ್ತಾರೆ. ವಾರ್ಸಾವನ್ನು ಕುರಿತೂ ಕೇಳಬೇಕಾದ ಪ್ರಶ್ನೆ ಇದೇ. ಅದು ಅಸಲಿಯೇ ನಕಲಿಯೇ ಎಂಬ ವಾದವು ಹೆಚ್ಚು ದೂರ ಸಾಗದು. ಅದನ್ನು ಸಂಪಾದಿತ ಪಠ್ಯವೆಂದು ಓದಿದಾಗ ಅದರ ಹಿರಿಮೆಯೂ ಕೊರತೆಯೂ ಒಟ್ಟಿಗೆ ಗೋಚರಿಸುತ್ತವೆ.

ಮೊದಲು ನಾಶದ ಸ್ವರೂಪವನ್ನು ಅರಿಯಬೇಕು. 1944ರ ಆಗಸ್ಟ್ 1ರಂದು ನಾಜಿ ಆಕ್ರಮಣದ ವಿರುದ್ಧ ಆರಂಭವಾದ ವಾರ್ಸಾ ದಂಗೆಯು 63 ದಿನಗಳ ಹೋರಾಟದ ಬಳಿಕ ಅಡಗಿತು. ಸುಮಾರು ಒಂದೂವರೆ ಲಕ್ಷ ನಾಗರಿಕರು ಮಡಿದರು. ಉಳಿದವರನ್ನು ಊರಿನಿಂದ ಹೊರದೂಡಲಾಯಿತು. ಜನರಿಲ್ಲದ ನಗರವನ್ನು ಸುಡುವುದಕ್ಕೂ ಸಿಡಿಸುವುದಕ್ಕೂ ಜರ್ಮನ್ ದಳಗಳು ನಿಯೋಜಿತವಾದದ್ದು ಆಮೇಲೆ. ಅರಮನೆ, ಚರ್ಚು, ಪತ್ರಾಗಾರಗಳು ಒಂದೊಂದಾಗಿ ಉರುಳಿದವು. ರಾಜರ ಕೋಟೆಯ ಗೋಡೆಗಳಲ್ಲಿ ಸಿಡಿಮದ್ದಿಗಾಗಿ ರಂಧ್ರಗಳನ್ನು ವರ್ಷಗಳ ಮೊದಲೇ ಕೊರೆಯಲಾಗಿತ್ತು. ಅಮೂಲ್ಯ ಹಸ್ತಪ್ರತಿಗಳನ್ನೂ ಪ್ರಾಚೀನ ಮುದ್ರಿತ ಗ್ರಂಥಗಳನ್ನೂ ಒಂದೆಡೆ ಕೂಡಿಟ್ಟಿದ್ದ ಕ್ರಾಸಿನ್‌ಸ್ಕಿ ಗ್ರಂಥಾಲಯವನ್ನು ಹೋರಾಟ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಉದ್ದೇಶಪೂರ್ವಕವಾಗಿ ಸುಟ್ಟರು. 1945ರ ಜನವರಿಯಲ್ಲಿ ಜರ್ಮನರು ತೆರಳಿದಾಗ ನಗರದ ಐತಿಹಾಸಿಕ ಕೇಂದ್ರದ 85 ಪ್ರತಿಶತಕ್ಕೂ ಹೆಚ್ಚು ಭಾಗ ಹಾಳಾಗಿತ್ತು. ಇದು ಕಾಲದ ಸವೆತದಿಂದ ಬಂದ ನಾಶವಲ್ಲ, ಯುದ್ಧದ ನಡುವೆ ತಾಗಿದ ಪೆಟ್ಟು ಮಾತ್ರವೂ ಅಲ್ಲ. ಒಂದು ಜನಾಂಗದ ನೆನಪನ್ನೇ ಅಳಿಸುವ ಕಾರ್ಯಕ್ರಮ.

ಈ ವ್ಯತ್ಯಾಸ ಮುಖ್ಯವಾದುದು. ಹಳೆಯ ಕಟ್ಟಡಗಳ ಜೀರ್ಣೋದ್ಧಾರವನ್ನು ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲೇ ಕಟುವಾಗಿ ವಿರೋಧಿಸಿದ್ದನು. ಸತ್ತವರನ್ನು ಎಬ್ಬಿಸಲು ಹೇಗೆ ಸಾಧ್ಯವಿಲ್ಲವೋ ಹಾಗೆ ಗತಿಸಿದ ಶಿಲ್ಪಿಯ ಕೈಯನ್ನು ಮರಳಿ ತರಲಾಗದೆಂಬುದು ಅವನ ವಾದ. ಯಾನ್ ಜಾಖ್ವಾತೊವಿಚ್ ಮೊದಲಾದ ಪೋಲಿಷ್ ವಾಸ್ತುಶಿಲ್ಪಿಗಳಿಗೂ ಈ ವಾದ ತಿಳಿದಿತ್ತು. ಪ್ರತಿಕೃತಿಗಳನ್ನು ಕಟ್ಟಬಾರದೆಂಬ ಸಂರಕ್ಷಣಾ ತತ್ತ್ವದಲ್ಲೇ ಅವರ ಪೀಳಿಗೆ ಬೆಳೆದಿತ್ತು. ಆದರೂ ಅವರು ಮರುನಿರ್ಮಾಣದ ದಾರಿ ಹಿಡಿದರು. ಒಂದು ಸಂಸ್ಕೃತಿಯನ್ನು ಅಳಿಸಲೆಂದೇ ಅದರ ಸ್ಮಾರಕಗಳನ್ನು ಸಿಡಿಸಿದಾಗ ಆ ಬಯಲನ್ನು ಹಾಗೆಯೇ ಬಿಡುವುದು ಸಿಡಿಸಿದವನ ತೀರ್ಪನ್ನು ಒಪ್ಪಿಕೊಂಡಂತೆ ಎಂಬುದು ಆ ನಿರ್ಧಾರದ ಹಿಂದಿನ ನೈತಿಕ ತರ್ಕ. ರಸ್ಕಿನ್ನನ ಆಕ್ಷೇಪಕ್ಕೆ ಈ ತರ್ಕವು ಸಮರ್ಪಕ ಉತ್ತರವೆಂದೇ ಹೇಳಬೇಕು.

ನಿರ್ಧಾರವನ್ನು ಕಾರ್ಯಗತಗೊಳಿಸಲು ಆಕರಗಳು ಬೇಕಾಗಿದ್ದವು. ವೆನಿಸಿನ ಚಿತ್ರಕಾರ ಬೆರ್ನಾರ್ದೊ ಬೆಲ್ಲೊತ್ತೊ 1780ರಲ್ಲಿ ವಾರ್ಸಾದಲ್ಲಿಯೇ ನಿಧನನಾಗುವವರೆಗೆ, ಪೋಲೆಂಡಿನ ಕೊನೆಯ ಅರಸ ಸ್ತಾನಿಸ್ವಾಫ್ ಆವ್ಗುಸ್ತನ ಆಸ್ಥಾನದಲ್ಲಿದ್ದುಕೊಂಡು ನಗರದ ಬೀದಿಗಳನ್ನು ಸೂಕ್ಷ್ಮವಾಗಿ ಚಿತ್ರಿಸಿದ್ದನು. ಈ ಚಿತ್ರಗಳು ಪುನಾರಚನೆಗೆ ನೆರವಾದ ಕಥೆ ಪ್ರಸಿದ್ಧವಾಗಿದೆ. ಆದರೆ ಬೆಲ್ಲೊತ್ತೊ ಅಲ್ಲಲ್ಲಿ ಕಟ್ಟಡಗಳನ್ನು ಇದ್ದುದಕ್ಕಿಂತ ಸೊಗಸಾಗಿ ತಿದ್ದಿ ಬರೆದದ್ದೂ ಉಂಟು. ಇದಕ್ಕಿಂತ ಭದ್ರವಾದ ಆಧಾರ ಕಡಿಮೆ ಪ್ರಸಿದ್ಧವಾದ ಇನ್ನೊಂದು. ಯುದ್ಧಕ್ಕೆ ಮುಂಚೆ ವಾರ್ಸಾ ತಾಂತ್ರಿಕ ವಿದ್ಯಾಲಯದ ಪೋಲಿಷ್ ವಾಸ್ತುಶಿಲ್ಪ ವಿಭಾಗದಲ್ಲಿ ಓಸ್ಕರ್ ಸೊಸ್ನೋವ್ಸ್ಕಿಯವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಗಳು ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆಗಳನ್ನು ಬರೆದಿದ್ದರು. ದಂಗೆ ಅಡಗಿದ ಬಳಿಕ ಜಾಖ್ವಾತೊವಿಚ್ ಮತ್ತು ಸಂಗಡಿಗರು ಈ ನಕ್ಷೆಗಳನ್ನು ನಗರದಿಂದ ಗುಟ್ಟಾಗಿ ಸಾಗಿಸಿ ಪ್ಯೋತ್ರ್ಕುಫ್ ಪಟ್ಟಣದ ಕ್ರೈಸ್ತ ಮಠವೊಂದರಲ್ಲಿ ಅಡಗಿಸಿಟ್ಟರು. ಪಾಠಕ್ರಮದ ಅಭ್ಯಾಸವೆಂದು ಬರೆದ ರೇಖೆಗಳು ಹತ್ತೇ ವರ್ಷಗಳಲ್ಲಿ ನಗರದ ಮಾತೃಕೆಗಳಾದವು. 1945ರ ಫೆಬ್ರವರಿಯಲ್ಲಿ ಸ್ಥಾಪಿತವಾದ ರಾಜಧಾನಿ ಪುನರ್ನಿರ್ಮಾಣ ಕಚೇರಿಯ ದಾಖಲೆಗಳನ್ನು ಯುನೆಸ್ಕೊ 2011ರಲ್ಲಿ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ಹಳೆಯ ಪಟ್ಟಣವು ವಿಶ್ವಪರಂಪರೆಯ ತಾಣವೆಂದು ಅದಕ್ಕೂ ಮೊದಲೇ, 1980ರಲ್ಲಿ, ಮಾನ್ಯತೆ ಪಡೆದಿತ್ತು.

ಇಷ್ಟು ಹಿರಿಮೆಯನ್ನು ಒಪ್ಪಿದ ಮೇಲೆ ಪಾಠಾಂತರಗಳ ವಿಚಾರಕ್ಕೆ ಬರಬೇಕು. ವಾರ್ಸಾ ಇದ್ದದ್ದು ಇದ್ದಂತೆಯೇ ಮರಳಿ ಬಂತೆಂಬ ಜನಪ್ರಿಯ ನಂಬಿಕೆ ಸತ್ಯವಲ್ಲ. ಸಂತ ಯೋಹಾನರ ಕೆಥೆಡ್ರಲ್ ಇದಕ್ಕೆ ಉತ್ತಮ ನಿದರ್ಶನ. 1939ರಲ್ಲಿ ಜನ ಕಂಡಿದ್ದ ಅದರ ಮುಖಭಾಗವು 19ನೆಯ ಶತಮಾನದಲ್ಲಿ ಆಂಗ್ಲ ಗೋಥಿಕ್ ಶೈಲಿಯಲ್ಲಿ ರೂಪಿಸಿದುದಾಗಿತ್ತು. ಜಾಖ್ವಾತೊವಿಚ್ ಅದನ್ನು ತೊರೆದು, ಪ್ರಾದೇಶಿಕವಾದ ಮಧ್ಯಯುಗೀನ ಇಟ್ಟಿಗೆಯ ಗೋಥಿಕ್ ಶೈಲಿಯಲ್ಲಿ ಹೊಸ ಮುಖವನ್ನು ಕಟ್ಟಿದರು. ಇಂದು ಕಾಣುವ ಆ ಮುಖವನ್ನು ಯುದ್ಧಪೂರ್ವದ ಯಾವ ನಾಗರಿಕನೂ ಕಂಡಿರಲಿಲ್ಲ. ಮಾರುಕಟ್ಟೆ ಚೌಕದ ಮನೆಗಳ ಹಿಂಬದಿಯಲ್ಲಿ ಒತ್ತೊತ್ತಾಗಿ ಬೆಳೆದಿದ್ದ ಕಟ್ಟಡಗಳನ್ನು ಗಾಳಿ ಬೆಳಕಿನ ಸಲುವಾಗಿ ಕೈಬಿಡಲಾಯಿತು. ಹೊರಗೋಡೆಗಳ ಚಿತ್ರಗಳಲ್ಲಿ ಅನೇಕವು 1950ರ ದಶಕದ ಕಲಾವಿದರ ಸ್ವಂತ ಸೃಷ್ಟಿ.

ಈ ಆಯ್ಕೆಗಳಲ್ಲಿ ಒಂದು ಕ್ರಮವನ್ನು ಗುರುತಿಸಬಹುದು. 18ನೆಯ ಶತಮಾನ ಮತ್ತು ಅದಕ್ಕೆ ಹಿಂದಿನದು ಗ್ರಾಹ್ಯ, 19ನೆಯ ಶತಮಾನದ್ದು ಬಹುಮಟ್ಟಿಗೆ ತ್ಯಾಜ್ಯ. ಸಂರಕ್ಷಕರ ಕಣ್ಣಿಗೆ 19ನೆಯ ಶತಮಾನವು ಪೋಲೆಂಡ್ ಪರಾಧೀನವಾಗಿದ್ದ ಕಾಲ, ವಾರ್ಸಾ ರಷ್ಯಾದ ಆಳ್ವಿಕೆಯಲ್ಲಿದ್ದ ಕಾಲ. ಹೊಸ ಕಮ್ಯುನಿಸ್ಟ್ ಪ್ರಭುತ್ವದ ಕಣ್ಣಿಗೆ ಅದೇ ಶತಮಾನದ ವಠಾರಗಳು ಬಂಡವಾಳಶಾಹಿಯ ಕುರುಹು. ಭಿನ್ನ ಕಾರಣಗಳಿಂದ ಇಬ್ಬರೂ ಒಂದೇ ಅಧ್ಯಾಯವನ್ನು ಕೈಬಿಟ್ಟರು. ದುರಸ್ತಿ ಸಾಧ್ಯವಿದ್ದ ಕ್ರೊನೆನ್‌ಬೆರ್ಗ್ ಅರಮನೆಯಂತಹ 19ನೆಯ ಶತಮಾನದ ಕಟ್ಟಡವನ್ನು 1960ರ ದಶಕದ ಆರಂಭದಲ್ಲಿ ಕೆಡವಿದ್ದು ಈ ಮನೋಧರ್ಮದ ಮುಂದುವರಿಕೆ. ಹೊಸ ಗೋಡೆಗಳಿಗಾಗಿ ವ್ರೊತ್ಸ್‌ವಾಫ್ ಮೊದಲಾದ ಪಶ್ಚಿಮದ ಪಟ್ಟಣಗಳಿಂದ ಇಟ್ಟಿಗೆಗಳನ್ನು ತಂದದ್ದೂ ಗಮನಾರ್ಹ. ಯುದ್ಧಾನಂತರ ಜರ್ಮನಿಯಿಂದ ಪೋಲೆಂಡಿಗೆ ಸೇರಿದ ಆ ಪಟ್ಟಣಗಳ ಗತಕಾಲವು ರಾಜಧಾನಿಯ ಗತಕಾಲವಾಗಿ ರೂಪಾಂತರ ಹೊಂದಿತು.

ಪಾಠಾಂತರಗಳಿಗಿಂತ ಗಂಭೀರವಾದುದು ಗ್ರಂಥಪಾತ. ಯುದ್ಧಪೂರ್ವದ ವಾರ್ಸಾದಲ್ಲಿ ಮೂವರಲ್ಲಿ ಸುಮಾರು ಒಬ್ಬರು ಯೆಹೂದ್ಯರು. ಹಳೆಯ ಪಟ್ಟಣದಿಂದ ನಡೆದು ಹೋಗುವಷ್ಟು ಸಮೀಪದ ಮುರಾನುಫ್ ಅವರ ಮುಖ್ಯ ನೆಲೆಗಳಲ್ಲೊಂದು. 1940ರ ನವೆಂಬರಿನಲ್ಲಿ ಆ ಪ್ರದೇಶವನ್ನು ಒಳಗೊಂಡಂತೆ ಗೋಡೆ ಕಟ್ಟಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಕೂಡಿಹಾಕಲಾಯಿತು. 1942ರ ಬೇಸಿಗೆಯಲ್ಲಿ ಅವರಲ್ಲಿ ಎರಡೂವರೆ ಲಕ್ಷಕ್ಕೂ ಅಧಿಕ ಮಂದಿಯನ್ನು ತ್ರೆಬ್ಲಿಂಕಾದ ಹತ್ಯಾಶಿಬಿರಕ್ಕೆ ಸಾಗಿಸಿದರು. 1943ರ ಏಪ್ರಿಲ್ 19ರಂದು ಗೋಡೆಯೊಳಗೆ ಉಳಿದಿದ್ದವರು ದಂಗೆಯೆದ್ದರು. ಅದನ್ನು ಅಡಗಿಸಿದ ಬಳಿಕ ಮೇ 16ರಂದು ಮಹಾ ಸಿನಗಾಗ್ ಅನ್ನು ಸಿಡಿಸಿ, ಇಡೀ ಬಡಾವಣೆಯನ್ನು ನೆಲಸಮಗೊಳಿಸಲಾಯಿತು.

ಈ ಬಡಾವಣೆಗೂ ಅಡಗಿಸಿಟ್ಟ ಕಾಗದಗಳ ಕಥೆಯೊಂದಿದೆ. ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಮತ್ತು ಅವರ ಗುಟ್ಟಿನ ತಂಡವು ಗೋಡೆಯೊಳಗಿನ ಬದುಕನ್ನು ದಾಖಲಿಸುತ್ತ ಹೋಯಿತು. ದಿನಚರಿ, ಪತ್ರ, ಕವಿತೆ, ಶಾಲಾ ಪ್ರಬಂಧ, ಪಡಿತರದ ಚೀಟಿ ಹೀಗೆ ಯಾವುದನ್ನೂ ಕ್ಷುಲ್ಲಕವೆಂದು ಅವರು ಬಿಡಲಿಲ್ಲ. ಯಿಡ್ಡಿಷ್, ಪೋಲಿಷ್, ಹೀಬ್ರೂ ಭಾಷೆಗಳ ಈ ಸಂಗ್ರಹವನ್ನು ಲೋಹದ ಪೆಟ್ಟಿಗೆಗಳಲ್ಲಿಯೂ ಹಾಲಿನ ಕ್ಯಾನುಗಳಲ್ಲಿಯೂ ತುಂಬಿ ನೆಲದಲ್ಲಿ ಹೂತರು. ರಿಂಗೆಲ್‌ಬ್ಲುಮ್ 1944ರಲ್ಲಿ ಕೊಲೆಯಾದರು. ತಂಡದಲ್ಲಿ ಬದುಕುಳಿದವರು ಬೆರಳೆಣಿಕೆಯವರು. ಅವರ ನೆನಪಿನ ಸಹಾಯದಿಂದ 1946ರಲ್ಲಿ ಮೊದಲ ಭಾಗವು ಅವಶೇಷಗಳ ಅಡಿಯಿಂದ ದೊರೆಯಿತು; ಎರಡನೆಯ ಭಾಗವು ಮುಂದೆ 1950ರಲ್ಲಿ ದೊರೆಯಿತು. ಮಠದಲ್ಲಿ ಅಡಗಿಸಿದ ನಕ್ಷೆಗಳಿಂದ ಒಂದು ಊರು ಮರಳಿ ಎದ್ದಿತು. ನೆಲದಲ್ಲಿ ಹೂತ ಕಾಗದಗಳಿಂದ ಊರು ಏಳಲಿಲ್ಲ. ಅಲ್ಲಿ ವಾಸಿಸಲು ಮರಳುವ ಜನರೇ ಇರಲಿಲ್ಲ.

ಆದ್ದರಿಂದ ಮುರಾನುಫ್ ಅನ್ನು ಏಕೆ ಹಿಂದಿನಂತೆಯೇ ಕಟ್ಟಲಿಲ್ಲವೆಂದು ಆಕ್ಷೇಪಿಸುವುದು ಸರಿಯಲ್ಲ. ಅಲ್ಲಿ ನಡೆದದ್ದು ಬೇರೆ. ಹೊಸ ಬಡಾವಣೆಯನ್ನು ಯೋಜಿಸಿದ ಬೊಹ್ದಾನ್ ಲಾಖೆರ್ತ್ ಎಂಬ ವಾಸ್ತುಶಿಲ್ಪಿಯು ಮನೆಗಳನ್ನು ಅವಶೇಷಗಳ ದಿಬ್ಬಗಳ ಮೇಲೆಯೇ ನಿಲ್ಲಿಸಿದರು. ಅದೇ ಅವಶೇಷಗಳನ್ನು ಪುಡಿಗೈದು ಮಾಡಿದ ಕಾಂಕ್ರೀಟ್ ಇಟ್ಟಿಗೆಗಳಿಂದ ಗೋಡೆಗಳನ್ನು ಕಟ್ಟಿಸಿ, ಗಿಲಾವು ಮಾಡದೆ ಬಿಡಬೇಕೆಂಬುದು ಅವರ ಸಂಕಲ್ಪ. ಕೆಂಪು ಮಿಶ್ರಿತ ಆ ಒರಟು ಮೈಯೇ ಗತಿಸಿದವರ ಸ್ಮಾರಕವಾಗಲೆಂದು ಅವರು ಬಯಸಿದ್ದರು. ಆದರೆ ಮನೆಗಳು ಮಂಕಾಗಿ ಕಾಣುತ್ತವೆಂಬ ಟೀಕೆ ಬಂದಾಗ ಗೋಡೆಗಳಿಗೆ ಗಿಲಾವು ಮಾಡಿ ಬಣ್ಣ ಬಳಿಯಲಾಯಿತು. ವಾರ್ಸಾದ ಪುನಾರಚನೆಯಲ್ಲಿ ಆಕ್ಷೇಪಾರ್ಹವಾದುದು ಇದು. ಗ್ರಂಥಪಾತವನ್ನು ತುಂಬಲಾಗದಿದ್ದರೆ ಅದು ಸಂಪಾದಕನ ದೋಷವಲ್ಲ. ಖಾಲಿ ಜಾಗವನ್ನು ಸೂಚಿಸದೆ ಮುಂದಿನ ಸಾಲನ್ನು ಹಿಂದಿನದಕ್ಕೆ ಹೊಂದಿಸಿಬಿಟ್ಟರೆ ಅದು ದೋಷ.

ಕಲ್ಲು ಹೇಳದೆ ಬಿಟ್ಟುದನ್ನು ಸಾಹಿತ್ಯವು ಸ್ವಲ್ಪಮಟ್ಟಿಗೆ ಹೇಳಿದೆ. ಪಿಯಾನೊ ವಾದಕ ವ್ವಾದಿಸ್ವಾಫ್ ಶ್ಪಿಲ್‌ಮನ್ನರ ಸ್ಮೃತಿಕಥನವು 1946ರಲ್ಲಿ ಮೊದಲು ಪ್ರಕಟವಾದಾಗ ಅದರ ಶೀರ್ಷಿಕೆ ‘ನಗರದ ಸಾವು’ ಎಂಬರ್ಥದ್ದಾಗಿತ್ತು; ಅದೇ ಕಥನವನ್ನು ಆಧರಿಸಿದ 2002ರ ಚಲನಚಿತ್ರ ಜಗತ್ಪ್ರಸಿದ್ಧ. ಕವಿ ಮಿರೋನ್ ಬ್ಯಾವೊಶೆವ್ಸ್ಕಿ 1970ರಲ್ಲಿ ಪ್ರಕಟಿಸಿದ ದಂಗೆಯ ನೆನಪುಗಳಲ್ಲಿ ವೀರರ ಬದಲು ನೆಲಮಾಳಿಗೆಗಳಲ್ಲಿ ಅಡಗಿದ ಸಾಮಾನ್ಯರಿದ್ದಾರೆ. ಭಾಷೆಯೂ ಉಸಿರುಗಟ್ಟಿದವರ ತುಂಡು ಮಾತಿನದು. ಹಳೆಯ ಪಟ್ಟಣದ ಸೊಗಸಾದ ಗೋಡೆಗಳನ್ನು ಈ ಕೃತಿಗಳ ಜೊತೆಗಿಟ್ಟು ಓದಬೇಕಾಗುತ್ತದೆ.

ಈ ಚರ್ಚೆ ಕೇವಲ ಗತಕಾಲದ್ದಲ್ಲ. ರಾಜರ ಕೋಟೆಯನ್ನು ಮರಳಿ ಕಟ್ಟುವ ನಿರ್ಧಾರವಾದದ್ದು 1971ರಲ್ಲಿ. ಜನರ ದೇಣಿಗೆಯಿಂದ ಅದು ಎದ್ದಿತು. ನಾಶದ ಕಾಲದಲ್ಲಿ ಪ್ರಾಣವನ್ನು ಪಣಕ್ಕಿಟ್ಟು ರಕ್ಷಿಸಿದ್ದ ಕೆತ್ತನೆಯ ತುಣುಕುಗಳು ಅದರ ಗೋಡೆಗಳಲ್ಲಿ ಮತ್ತೆ ಸೇರಿದವು. ಇದೀಗ ಸ್ಯಾಕ್ಸನ್ ಅರಮನೆಯ ಸರದಿ ಬಂದಿದೆ. 1944ರ ಡಿಸೆಂಬರಿನಲ್ಲಿ ಸಿಡಿಸಲ್ಪಟ್ಟ ಆ ಅರಮನೆಯ ಮರುನಿರ್ಮಾಣಕ್ಕಾಗಿ 2021ರಲ್ಲಿ ಕಾನೂನನ್ನೇ ಮಾಡಲಾಯಿತು. ಆರಂಭಿಸಿದ ಕೆಲಸವನ್ನು ಪೂರ್ಣಗೊಳಿಸಬೇಕೆಂಬುದು ಸಮರ್ಥಕರ ವಾದ. ಆ ವಾದದಲ್ಲಿ ಸತ್ತ್ವವಿಲ್ಲದಿಲ್ಲ. ಕೋಟೆಯೂ ತಡವಾಗಿಯೇ ಎದ್ದದ್ದು. ಆದರೆ ಅರಮನೆಯ ಕಮಾನುಗಳ ಒಂದು ಚಿಕ್ಕ ತುಂಡು ಸ್ಫೋಟದಲ್ಲಿ ಉಳಿದು, ಅಜ್ಞಾತ ಯೋಧನ ಸಮಾಧಿಗೆ ನೆರಳಾಗಿ ಇಂದಿಗೂ ನಿಂತಿದೆ. ಎರಡೂ ಬದಿಯಲ್ಲಿ ಕತ್ತರಿಸಿಹೋದ ಆ ತುಂಡು, ಸುತ್ತಲಿನ ವಿಶಾಲ ಬಯಲು, ಇವೆರಡೂ ಸೇರಿ ವಾರ್ಸಾದಲ್ಲಿ 1944ರ ನಾಶವನ್ನು ನೇರವಾಗಿ ನುಡಿಯುವ ವಿರಳ ಸ್ಥಳಗಳಲ್ಲೊಂದಾಗಿದೆ. ಅದರ ಎಡಬಲಗಳನ್ನು ಹೊಸ ಗೋಡೆಗಳಿಂದ ತುಂಬಿದರೆ ನಗರಕ್ಕೆ ಒಂದು ಅರಮನೆ ದಕ್ಕೀತು, ಒಂದು ಸಾಕ್ಷ್ಯ ನಷ್ಟವಾದೀತು. 1945ರಲ್ಲಿ ಕಟ್ಟುವುದೇ ಅಳಿಸುವಿಕೆಗೆ ಪ್ರತಿರೋಧವಾಗಿತ್ತು. ಎಂಟು ದಶಕಗಳ ಬಳಿಕ, ಗಾಯದ ಗುರುತುಗಳೇ ಅಪರೂಪವಾಗಿರುವ ನಗರದಲ್ಲಿ, ಕಟ್ಟದೆ ಬಿಡುವುದು ಹೆಚ್ಚು ಪ್ರಾಮಾಣಿಕವಾದ ಸಂಪಾದನೆ ಎನಿಸುತ್ತದೆ.

ಈ ಪ್ರಾಮಾಣಿಕತೆಗೆ ವಾರ್ಸಾದಲ್ಲಿಯೇ ಮಾದರಿಗಳಿವೆ. ಮುರಾನುಫ್‌ನಲ್ಲಿ 2013ರಲ್ಲಿ ತೆರೆದ ಪೋಲಿಷ್ ಯೆಹೂದ್ಯರ ಇತಿಹಾಸದ ವಸ್ತುಸಂಗ್ರಹಾಲಯವು ಕಳೆದುಹೋದ ಯಾವ ಕಟ್ಟಡವನ್ನೂ ಅನುಕರಿಸದೆ ಇಂದಿನ ಕಟ್ಟಡವಾಗಿಯೇ ನಿಂತಿದೆ. ಅದಕ್ಕಿಂತ ಸರಳವಾದುದು ಕಾಲುದಾರಿಗಳಲ್ಲಿದೆ. ಗೋಡೆ ಹಾದುಹೋಗಿದ್ದ ಹಲವೆಡೆ ನೆಲದಲ್ಲಿ ಎರಕದ ಕಬ್ಬಿಣದ ಪಟ್ಟಿಯನ್ನು ಹುದುಗಿಸಿ, ಗೆಟ್ಟೊ ಗೋಡೆಯೆಂಬ ಮಾತನ್ನೂ 1940–1943 ಎಂಬ ವರ್ಷಗಳನ್ನೂ ಮೂಡಿಸಿದ್ದಾರೆ. ಅದು ಗೋಡೆಯನ್ನು ಮರಳಿ ಕಟ್ಟುವುದಿಲ್ಲ, ಮರೆಮಾಚುವುದೂ ಇಲ್ಲ. ಇಲ್ಲೊಂದು ಪಾಠವಿತ್ತು, ಅದು ಲುಪ್ತವಾಗಿದೆ ಎಂದಷ್ಟೇ ತಿಳಿಸುವ ಅಡಿಟಿಪ್ಪಣಿ ಅದು. ವಾರ್ಸಾದ ಹಳೆಯ ಪಟ್ಟಣಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುತ್ತಲೇ, ಇಂತಹ ಅಡಿಟಿಪ್ಪಣಿಗಳೊಂದಿಗೆ ಅದನ್ನು ಓದುವುದು ನಗರದ ವಿದ್ಯಾರ್ಥಿಗಳಿಗೂ ಗ್ರಂಥದ ವಿದ್ಯಾರ್ಥಿಗಳಿಗೂ ಸಮಾನವಾದ ಹೊಣೆ.