ಅಂಗಡಿ ನಮ್ಮದಿರಲಿ, ವೀಡಿಯೊ ಬೋರ್ಡ್ ಆಗಿರಲಿ



ಭಾನುವಾರ ಪೂಜೆ ಮುಗಿದು ಚರ್ಚ್ ಅಂಗಳದಲ್ಲಿ ನಿಂತರೆ ಈಗ ಎರಡು ಮಾತು ಕಿವಿಗೆ ಬೀಳುತ್ತವೆ. ಹಿರಿಯರದು, “ಮೊಬೈಲ್ ಎದುರು ಕುಣಿಯುವುದೂ ಒಂದು ಉದ್ಯೋಗವಾ?” ಕಿರಿಯರದು, “ಡಿಗ್ರಿ ಮುಗಿಸಿ ಹದಿನೈದು ಸಾವಿರಕ್ಕೆ ದುಡಿಯುವ ಬದಲು ಚಾನೆಲ್ ಮಾಡಿದರೆ ಲಕ್ಷ ಬರುತ್ತದೆ.” ಈ ಎರಡೂ ಮಾತನ್ನು ನಾವು ಒಪ್ಪುವುದಿಲ್ಲ. ಮೊದಲನೆಯದು ಅನ್ಯಾಯ, ಎರಡನೆಯದು ಅಪಾಯ.

ಮೊದಲು ಹಿರಿಯರಲ್ಲಿ ಒಂದು ವಿನಂತಿ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಿಗೆ ಅತ್ತ ತಿರುವನಂತಪುರವೂ ದೂರ, ಇತ್ತ ಬೆಂಗಳೂರೂ ದೂರ. ಆದರೆ ಕೈಯಲ್ಲಿರುವ ಫೋನಿಗೆ ತಲಪಾಡಿಯ ಗಡಿ ಲೆಕ್ಕಕ್ಕಿಲ್ಲ. ನಮ್ಮ ಧರ್ಮಕೇಂದ್ರದಲ್ಲಿ ಕ್ರಿಸ್ಮಸ್ ಹೊತ್ತಿಗೆ ಕುಸ್ವಾರ್ ಮಾಡಿ ಮಾರುವ ಅಕ್ಕ ಒಬ್ಬರಿದ್ದಾರೆ. ಮೊದಲು ಅವರಿಗೆ ವಾರ್ಡಿನ ನಾಲ್ಕಾರು ಮನೆಗಳೇ ಗಿರಾಕಿಗಳು. ಅಮ್ಮ ನೆವ್ರಿ ಕರಿಯುವುದನ್ನು, ಕುಲ್‌ಕುಲ್ ಸುತ್ತುವುದನ್ನು ಮಗಳು ಸಣ್ಣ ಸಣ್ಣ ವೀಡಿಯೊ ಮಾಡಿ ಹಾಕತೊಡಗಿದ ಮೇಲೆ ಮಂಗಳೂರಿನಿಂದ, ಬೆಂಗಳೂರಿನಿಂದ, ಗಲ್ಫ್‌ನಿಂದ ರಜೆಗೆ ಬರುವವರಿಂದ ಆರ್ಡರ್ ಬಂತು. ಅಂಗಡಿಗೆ ಬಾಡಿಗೆ ಇಲ್ಲ, ನಡುವೆ ದಲ್ಲಾಳಿ ಇಲ್ಲ. ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯ ಹಳ್ಳಿಯೊಂದರ ಅಜ್ಜ ಮತ್ತು ಮೊಮ್ಮಕ್ಕಳು 2018ರಲ್ಲಿ ಬಯಲಲ್ಲಿ ಒಲೆ ಹೂಡಿ ಶುರುಮಾಡಿದ ‘ವಿಲೇಜ್ ಕುಕಿಂಗ್ ಚಾನೆಲ್’ 2021ರಲ್ಲಿ ಒಂದು ಕೋಟಿ ಚಂದಾದಾರರನ್ನು ಪಡೆಯಿತು. ಅವರು ಆಡಿದ್ದು ತಮ್ಮ ಹಳ್ಳಿಯ ತಮಿಳನ್ನೇ. ಇದನ್ನೆಲ್ಲ ‘ಕುಣಿತ’ ಎಂದು ತಳ್ಳಿಹಾಕುವುದು ಹೇಗೆ?

ಇನ್ನೂ ಒಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇವೆ. ವಾರ್ಷಿಕ ಹಬ್ಬದ ಪೂಜೆಯನ್ನು ಲೈವ್ ಮಾಡಲು ಇದೇ ಹುಡುಗರು ಬೇಕು. ರೋಸ್, ಮದುವೆ, ಜುಬಿಲಿ ಎಲ್ಲದಕ್ಕೂ ಅವರೇ ಬೇಕು. ಆಗ ಅದು ‘ಸೇವೆ’, ಊಟ ಹಾಕಿದರೆ ಸಾಕು. ಸೋಮವಾರ ಬೆಳಗಾದರೆ ಅದೇ ಹುಡುಗರು ‘ಕೆಲಸವಿಲ್ಲದವರು’. ಇದು ಸರಿಯಲ್ಲ. ಕೂಲಿಯಾಳು ತನ್ನ ಕೂಲಿಗೆ ಯೋಗ್ಯನೆಂದು ನಮಗೆ ಕಲಿಸಿದವರು ಯೇಸುಸ್ವಾಮಿಯೇ ಅಲ್ಲವೇ?

ಇನ್ನು ಗೆಳೆಯರೇ, ನಿಮ್ಮ ಸರದಿ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕು ಎಂಬ ಸಾಮತಿ ನಮಗೆಲ್ಲ ಗೊತ್ತು. ಹಾಗಾದರೆ ಲೆಕ್ಕ ಹಾಕೋಣ. ಯೂಟ್ಯೂಬ್‌ನ ಸದ್ಯದ ನಿಯಮದಂತೆ ಜಾಹೀರಾತಿನ ಆದಾಯಕ್ಕೆ ಅರ್ಹರಾಗಲು 1000 ಚಂದಾದಾರರು ಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಆಗಿರಬೇಕು. ಅದು ಬಾಗಿಲು ಮಾತ್ರ. ಉದ್ದದ ವೀಡಿಯೊಗಳ ಜಾಹೀರಾತು ಆದಾಯದಲ್ಲಿ ಚಾನೆಲ್‌ನವರಿಗೆ ಸಿಗುವುದು ಶೇ. 55. ಶಾರ್ಟ್ಸ್‌ನಲ್ಲಿ ಅವರ ಪಾಲಿಗೆಂದು ನಿಗದಿಯಾದ ಮೊತ್ತದ ಶೇ. 45. ಖಾತೆಯಲ್ಲಿ 100 ಡಾಲರ್ ಸೇರುವ ತನಕ ಅದು ಕೈಗೆ ಬರುವುದಿಲ್ಲ. ನೋಡುವವರು ಯಾವ ದೇಶದವರು, ಯಾವ ಜಾಹೀರಾತು ಬಂತು ಎಂಬುದರ ಮೇಲೆ ದರ ಏರಿಳಿಯುತ್ತದೆ. ಆ ದರವನ್ನು ನಾವು ನಿಗದಿ ಮಾಡುವುದಿಲ್ಲ, ಚೌಕಾಸಿಗೂ ಅವಕಾಶವಿಲ್ಲ.

ನಮ್ಮ ಗೆಳೆಯನೊಬ್ಬ ಸಾಲ ಮಾಡಿ ಕ್ಯಾಮೆರಾ ಕೊಂಡ. ಎರಡು ವರ್ಷ ಬಿಸಿಲು ಮಳೆ ಎನ್ನದೆ ಊರೂರು ತಿರುಗಿ ವೀಡಿಯೊ ಮಾಡಿದ. ಬೇರೆಯವರ ಹಾಡಿನ ತುಣುಕು ಬಳಸಿದ್ದಕ್ಕೆ ಒಂದರ ಹಿಂದೊಂದು ಹಕ್ಕುಸ್ವಾಮ್ಯದ ದೂರು ಬಂತು, ಖಾತೆ ಮುಚ್ಚಿತು. ತಪ್ಪು ಅವನದ್ದೇ, ಅದನ್ನು ಅವನೂ ಒಪ್ಪುತ್ತಾನೆ. ಆದರೆ ಕ್ಷಮೆ ಕೇಳಲು, ತಿದ್ದಿಕೊಳ್ಳುತ್ತೇನೆ ಎನ್ನಲು ಆ ಕಡೆ ಒಬ್ಬ ಮನುಷ್ಯನೂ ಸಿಗಲಿಲ್ಲ. ಸಾವಿರಾರು ಚಂದಾದಾರರಲ್ಲಿ ಒಬ್ಬರ ಫೋನ್ ನಂಬರೂ ಅವನ ಬಳಿ ಇರಲಿಲ್ಲ. ಉಳಿದದ್ದು ಸಾಲದ ಕಂತು. ಅದನ್ನು ಈಗ ಕಟ್ಟುತ್ತಿರುವುದು ಅವನ ಅಪ್ಪ.

ತಪ್ಪು ಮಾಡದವರ ಗತಿಯೂ ಬೇರೆಯಲ್ಲ. 2020ರ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಆ ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಅದನ್ನೇ ನಂಬಿದ್ದವರ ವರ್ಷಗಳ ದುಡಿಮೆ ಒಮ್ಮೆಲೇ ಹೋಯಿತು ಎಂಬುದಷ್ಟೇ ನಮ್ಮ ಮಾತು. ಮರಳ ಮೇಲೆ ಕಟ್ಟಿದ ಮನೆ ಎಂದರೆ ಇದೇ.

ನಮ್ಮ ಅಜ್ಜಂದಿರು ಈ ಪಾಠವನ್ನು ಅಡಿಕೆ ಅಂಗಳದಲ್ಲೇ ಕಲಿತಿದ್ದರು. 1970ರ ದಶಕದ ಆರಂಭದಲ್ಲಿ ಅಡಿಕೆಯ ದರ ನೆಲಕಚ್ಚಿದಾಗ ಬೆಳೆದವನ ಕೈಯಲ್ಲಿ ಏನೂ ಇರಲಿಲ್ಲ. ವ್ಯಾಪಾರಿ ಹೇಳಿದ್ದೇ ದರ. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಗಡಿಯ ಎರಡೂ ಕಡೆಯ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಅವರು ಅಡಿಕೆ ಬೆಳೆಯುವುದನ್ನು ಬಿಡಲಿಲ್ಲ, ಮಾರುವುದನ್ನೂ ಬಿಡಲಿಲ್ಲ. ಕುತ್ತಿಗೆಯನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ಮಾತ್ರ ಬಿಟ್ಟರು. ನಮ್ಮ ಧರ್ಮಪ್ರಾಂತ್ಯದ ‘ರಾಕ್ಣೊ’ ವಾರಪತ್ರಿಕೆ 1938ರಿಂದ ಬರುತ್ತಿದೆ. ಅಂಚೆಯಲ್ಲಿ ಪತ್ರಿಕೆ ಕಳಿಸುವವರಿಗೆ ಚಂದಾದಾರರ ಹೆಸರೂ ಗೊತ್ತು, ವಿಳಾಸವೂ ಗೊತ್ತು. ವೀಡಿಯೊ ವೇದಿಕೆಯಲ್ಲಿ ನಮ್ಮ ಚಂದಾದಾರರ ಪಟ್ಟಿ ಇರುವುದು ಯಾರ ಕೈಯಲ್ಲಿ?

ಹಣಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ವೀಕ್ಷಣೆ ಕಡಿಮೆಯಾದಾಗ ಮನಸ್ಸು ಅಡ್ಡದಾರಿ ಹುಡುಕುತ್ತದೆ. ಇಂದು ಮಗುವಿನ ಅಳು, ನಾಳೆ ಗಂಡ ಹೆಂಡಿರ ಜಗಳ, ನಾಡಿದ್ದು ಸಾವಿನ ಮನೆಯ ಶವಪೆಟ್ಟಿಗೆ. ಆಮೇಲೆ ಬೆಟ್ಟಿಂಗ್ ಆ್ಯಪ್‌ನವನ ಕರೆ ಬರುತ್ತದೆ. ಒಂದು ನಿಮಿಷ ಹೊಗಳಿದರೆ ಒಂದು ವರ್ಷದ ದುಡಿಮೆಯಷ್ಟು ಹಣ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಂತೆ ಹಣ ಕಟ್ಟಿ ಆಡುವ ಆಟಗಳ ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಕಾನೂನು ಇಲ್ಲದಿದ್ದರೂ ನಮ್ಮ ಉತ್ತರ ಒಂದೇ ಆಗಿರಬೇಕು. ನಮ್ಮ ಮುಖ ನಂಬಿ ಹಣ ಕಳೆದುಕೊಳ್ಳುವವನು ನಮ್ಮ ನೆರೆಯವನು. ನೆರೆಯವನನ್ನು ಮಾರಿ ಬಂದ ಹಣ ಮೂವತ್ತು ಬೆಳ್ಳಿ ನಾಣ್ಯಕ್ಕೆ ಸಮ.

ಹಾಗಾದರೆ ಏನು ಮಾಡಬೇಕು? ನಮ್ಮ ಯುವ ಸಂಘದ ಅಭಿಪ್ರಾಯ ಇಷ್ಟು. ಮೊದಲು ಕಸುಬು, ಆಮೇಲೆ ಚಾನೆಲ್. ಕುಸ್ವಾರ್, ಹಲಸಿನ ಹಪ್ಪಳ, ಟೈಲರಿಂಗ್, ಪಿಟೀಲು ಪಾಠ, ಏನಾದರೂ ಇರಲಿ. ಚಾನೆಲ್ ಮುಚ್ಚಿದರೂ ಮರುದಿನ ಮಾರಲು ಕೈಯಲ್ಲಿ ಒಂದು ಇರಬೇಕು. ಗಿರಾಕಿಯ ಒಪ್ಪಿಗೆ ಪಡೆದು ಹೆಸರು, ನಂಬರ್ ಪುಸ್ತಕದಲ್ಲಿ ಬರೆದಿಡಿ. ಕುಸ್ವಾರ್ ಅಕ್ಕನ ಬಳಿ ಅಂಥ ಒಂದು ಹಳೆಯ ನೋಟ್‌ಬುಕ್ ಇದೆ. ನಾಳೆ ವೀಡಿಯೊ ನಿಂತರೂ ಅವರ ಒಲೆ ಆರುವುದಿಲ್ಲ. ಮಾಡಿದ ವೀಡಿಯೊಗಳ ಪ್ರತಿಯನ್ನು ನಿಮ್ಮ ಹಾರ್ಡ್ ಡಿಸ್ಕ್‌ನಲ್ಲೂ ಇಟ್ಟುಕೊಳ್ಳಿ. ಸಾಲ ಮಾಡಿ ಕ್ಯಾಮೆರಾ ಕೊಳ್ಳಬೇಡಿ. ಕೈಯಲ್ಲಿರುವ ಫೋನ್ ಸಾಕು. ಓದು, ನೌಕರಿ ಬಿಡಬೇಡಿ. ಹಣ ಪಡೆದು ಹೊಗಳಿದರೆ ಹಾಗೆಂದು ವೀಡಿಯೊದಲ್ಲೇ ಹೇಳಿ. ಮಕ್ಕಳನ್ನೂ ಕಣ್ಣೀರನ್ನೂ ಸರಕು ಮಾಡಬೇಡಿ.

ಧರ್ಮಕೇಂದ್ರದ ಪಾಲನಾ ಸಮಿತಿಗೂ ಎರಡು ಬೇಡಿಕೆ. ಲೈವ್ ಮಾಡುವವರಿಗೆ ನ್ಯಾಯವಾದ ಸಂಭಾವನೆ ಕೊಡಿ. ವರ್ಷಕ್ಕೊಮ್ಮೆ ಬರೀ ‘ಮೊಬೈಲ್ ದುಷ್ಪರಿಣಾಮ’ ಎಂಬ ಭಾಷಣ ಇಡುವ ಬದಲು ಲೆಕ್ಕಪತ್ರ, ತೆರಿಗೆ, ಹಕ್ಕುಸ್ವಾಮ್ಯ ಕಲಿಸುವ ಒಂದು ದಿನದ ಶಿಬಿರ ಇಡಿ. ಅಷ್ಟು ತಿಳಿದಿದ್ದರೆ ನಮ್ಮ ಆ ಗೆಳೆಯನ ಖಾತೆ ಮುಚ್ಚುತ್ತಿರಲಿಲ್ಲ.

2006ರಲ್ಲಿ, ಹದಿನೈದರ ಹರೆಯದಲ್ಲೇ ತೀರಿಕೊಂಡ ಕಾರ್ಲೊ ಅಕ್ಯುಟಿಸ್‌ನನ್ನು 2025ರ ಸೆಪ್ಟೆಂಬರ್ 7ರಂದು ಸಂತನೆಂದು ಘೋಷಿಸಲಾಯಿತು. ಪರಮಪ್ರಸಾದದ ಪವಾಡಗಳನ್ನು ಸಂಗ್ರಹಿಸಿ ವೆಬ್‌ಸೈಟ್‌ನಲ್ಲಿ ಇಟ್ಟ ಹುಡುಗ ಆತ. ಕಂಪ್ಯೂಟರ್ ಅವನ ಕೈಯಲ್ಲಿತ್ತು, ಅವನು ಕಂಪ್ಯೂಟರಿನ ಕೈಯಲ್ಲಿರಲಿಲ್ಲ. ನಮಗೆ ಸಿಕ್ಕ ತಲೆಂತುಗಳನ್ನು ಮಣ್ಣಲ್ಲಿ ಹೂಳುವುದು ಬೇಡ. ಇನ್ನೊಬ್ಬರ ಪೆಟ್ಟಿಗೆಯಲ್ಲಿಟ್ಟು ಕೀಲಿಕೈಯನ್ನೂ ಅವರಿಗೇ ಕೊಡುವುದೂ ಬೇಡ.

ಮುಂದಿನ ಭಾನುವಾರ ಪೂಜೆಯ ನಂತರ ಅಂಗಳದಲ್ಲೇ ಸಿಗೋಣ. ಒಪ್ಪದವರು ಬಂದು ವಾದ ಮಾಡಿ, ನಾವು ಕೇಳಲು ತಯಾರಿದ್ದೇವೆ.