ಲೈನ್ ಮನೆಗೂ ಒಂದು ಲವ್ ಸ್ಟೋರಿ ಬೇಡ್ವಾ?

ಇಂಟರ್ನಲ್ಸ್ ಹತ್ತಿರ ಬಂದಾಗ ನಮ್ಮ ಹಾಸ್ಟೆಲ್‌ನಲ್ಲಿ ಸಿಲಬಸ್‌ಗಿಂತ ಜೋರಾಗಿ ಓಡೋದು ‘ಬ್ರಿಡ್ಜರ್ಟನ್’. ನೋಡದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ: ಇನ್ನೂರು ವರ್ಷದ ಹಿಂದಿನ ಲಂಡನ್, ಕುದುರೆ ಗಾಡಿ, ಬಾಲ್ ಡ್ಯಾನ್ಸ್, ಮದುವೆ ವಯಸ್ಸಿನ ಹುಡುಗ ಹುಡುಗಿಯರು, ಅವರ ಹಿಂದೆ ಬಿದ್ದ ಅಮ್ಮಂದಿರು. 2024ರಲ್ಲಿ ಬಂದ ಮೂರನೇ ಸೀಸನ್ ಪೂರ್ತಿ ಪೆನೆಲಪಿ ಮತ್ತು ಕಾಲಿನ್ ಅನ್ನೋ ಬಾಲ್ಯದ ಗೆಳೆಯರದ್ದು. ಅವನು ದೇಶ ಸುತ್ತಿ ಬರ್ತಾನೆ, ಮತ್ತೆ ಭೇಟಿ, ಒಂದಿಷ್ಟು ಜಗಳ, ಆಮೇಲೆ ಮದುವೆ. ಇದನ್ನ ಟೈಂಪಾಸ್ ಅಂತ ಮೂಗು ಮುರಿಯೋರು ಇದ್ದಾರೆ. ನನಗಂತೂ ಇಷ್ಟ. ಆದರೆ ಕಾಫಿ ತೋಟದ ಕಡೆಯಿಂದ ಬಂದವರಿಗೆ ಈ ಕತೆಗಳಲ್ಲಿ ಒಂದು ಕೊರತೆ ಕಣ್ಣಿಗೆ ಹೊಡೆಯಲೇಬೇಕು.

ರೀಜೆನ್ಸಿ ಅಂದ್ರೆ 1811ರಿಂದ 1820. ಮೂರನೇ ಜಾರ್ಜ್ ದೊರೆಯ ಬುದ್ಧಿ ಸ್ಥಿಮಿತ ತಪ್ಪಿ, ಅವನ ಮಗ ರಾಜ್ಯಭಾರ ನೋಡಿಕೊಂಡ ಕಾಲ. ಜೇನ್ ಆಸ್ಟಿನ್ ಕಾದಂಬರಿಗಳು ಬಂದದ್ದು ಆಗಲೇ. ನೂರು ವರ್ಷ ದಾಟಿದ ಮೇಲೆ, 1935ರಲ್ಲಿ, ಜಾರ್ಜೆಟ್ ಹೇಯರ್ ‘ರೀಜೆನ್ಸಿ ಬಕ್’ ಬರೆದು ಆ ಕಾಲದ ಹಗುರ ಪ್ರೇಮಕಥೆಗಳಿಗೆ ದಾರಿ ಮಾಡಿದರು. ಈ ಕತೆಗಳಲ್ಲಿ ನಗು ಎಷ್ಟೇ ಇರಲಿ, ಅಡ್ಡ ನಿಲ್ಲೋದು ಮಾತ್ರ ಲೆಕ್ಕಾಚಾರ. ಆಸ್ಟಿನ್ ಅವರ ‘ಪರ್ಸುಯೇಶನ್’ನಲ್ಲಿ ವೆಂಟ್‌ವರ್ತ್ ಕೈಯಲ್ಲಿ ದುಡ್ಡಿಲ್ಲ ಅಂತ ಸಂಬಂಧ ಮುರಿಯುತ್ತೆ. ಎಂಟು ವರ್ಷ ಆದಮೇಲೆ ಅವನು ನೌಕಾಪಡೆಯಲ್ಲಿ ದುಡ್ಡು ಮಾಡಿಕೊಂಡು ಬರ್ತಾನೆ, ಎಲ್ಲರಿಗೂ ಒಳ್ಳೆಯವನಾಗ್ತಾನೆ. ‘ಹುಡುಗನಿಗೆ ಎಷ್ಟು ಎಕರೆ?’ ಅಂತ ಮೊದಲು ಕೇಳೋ ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ.

1814ರ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಇನ್ನೂ ಮಜಾ ಇದೆ. ಬಡ ಮನೆಯ ಫ್ಯಾನಿ ಹತ್ತು ವರ್ಷದವಳಿದ್ದಾಗ ದೊಡ್ಡಮ್ಮನ ಮನೆ ಸೇರ್ತಾಳೆ, ಅಲ್ಲೇ ಜೊತೆಗೆ ಬೆಳೆದ ಎಡ್ಮಂಡ್‌ನನ್ನ ಕೊನೆಗೆ ಮದುವೆ ಆಗ್ತಾಳೆ. ದೊಡ್ಡಮ್ಮನ ಮಗ! ನಮ್ಮ ಲೆಕ್ಕದಲ್ಲಿ ಅಣ್ಣ! ಮಲೆನಾಡಿನ ಅಜ್ಜಿಯರ ಮುಂದೆ ಈ ಕತೆ ಹೇಳಿದರೆ ಅರ್ಧದಲ್ಲೇ ಎದ್ದು ಹೋಗ್ತಾರೆ. ಆದರೆ ನನಗೆ ಕಾಡೋದು ಬೇರೆ. ಆ ಮನೆಯ ಯಜಮಾನನಿಗೆ ಆಂಟಿಗುವಾ ದ್ವೀಪದಲ್ಲಿ ಆಸ್ತಿ ಇದೆ. ಆ ಕಾಲದಲ್ಲಿ ಅಲ್ಲಿನ ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಅವರಲ್ಲಿ ಒಬ್ಬರೂ ಕಾದಂಬರಿಯೊಳಗೆ ಬರೋದಿಲ್ಲ. ಅವರಿಗೂ ಬಾಲ್ಯದ ಗೆಳೆಯರು ಇದ್ದಿರಬೇಕಲ್ವಾ?

ಈ ಪ್ರಶ್ನೆಯನ್ನ ನಮ್ಮೂರಿಗೇ ತರ್ತೀನಿ. ನಮ್ಮೂರು ಜಾವಳಿ, ಮೂಡಿಗೆರೆ ಕಡೆ, ಹೇಮಾವತಿ ಹುಟ್ಟೋ ಜಾಗ. ಇಲ್ಲಿ ತೋಟದ ಮನೆಯ ಮಗು, ಲೈನ್ ಮನೆಯ ಮಗು ಸರ್ಕಾರಿ ಶಾಲೆಯ ಒಂದೇ ಬೆಂಚಲ್ಲಿ ಕೂತು, ಮಳೆಗಾಲದಲ್ಲಿ ಒಬ್ಬರ ಕಾಲಿಗೆ ಹತ್ತಿದ ಇಂಬಳ ಇನ್ನೊಬ್ಬರು ಕಿತ್ತು ಬೆಳೆದದ್ದುಂಟು. ಆಮೇಲೆ ಒಬ್ಬರು ಮೂಡುಬಿದಿರೆಗೋ ಉಜಿರೆಗೋ ಹಾಸ್ಟೆಲ್ ಸೇರ್ತಾರೆ. ಇನ್ನೊಬ್ಬರ ಅಪ್ಪ ಅಮ್ಮ ಬೇರೆ ತೋಟಕ್ಕೆ ಹೋದರೆ ಮಗುವೂ ಹೊರಡುತ್ತೆ. ಮತ್ತೆ ಭೇಟಿ ಆದರೆ ಅದು ಕೊಯ್ಲಿನ ಹೊತ್ತಲ್ಲಿ, ಸಂಜೆ ಕಾಫಿ ಹಣ್ಣು ತೂಗೋ ಜಾಗದಲ್ಲಿ. ಒಬ್ಬರ ಕೈಲಿ ಲೆಕ್ಕದ ಪುಸ್ತಕ, ಇನ್ನೊಬ್ಬರ ತಲೆ ಮೇಲೆ ಚೀಲ. ‘ಎಷ್ಟು ಕೆಜಿ?’ ಅನ್ನೋದು ಬಿಟ್ಟು ಬೇರೆ ಮಾತಿರಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ‘ನೀನು’ ಅಂತಿದ್ದೋರು, ಈಗ ಒಬ್ಬರು ‘ನೀವು’ ಅಂತಾರೆ. ಆ ‘ನೀವು’ ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗೇ ಬಂದು ಕೂತಿರುತ್ತೆ.

ಇಂಥ ಕತೆಗೆ ಕನ್ನಡದಲ್ಲಿ ದಾರಿ ಇಲ್ಲ ಅಂತ ಹೇಳಬೇಡಿ. ಕುವೆಂಪು 1967ರಲ್ಲೇ ಹಾಕಿಕೊಟ್ಟಿದ್ದಾರೆ. ‘ಮಲೆಗಳಲ್ಲಿ ಮದುಮಗಳು’ ಅಂದ್ರೆ ದಪ್ಪ ಪುಸ್ತಕ ಅಂತ ಹೆದರಿ ದೂರ ಇಟ್ಟಿರೋರೇ ಜಾಸ್ತಿ. ಅದರೊಳಗಿರೋದು ಬಾಲ್ಯದ ಪ್ರೀತಿ ಗೆಲ್ಲೋ ಕತೆ. ಅಪ್ಪ ಗೊತ್ತು ಮಾಡಿದ ಮದುವೆ ಬಿಟ್ಟು ಚಿನ್ನಮ್ಮ ಕತ್ತಲಲ್ಲಿ ಕಾಡು ಹತ್ತುತ್ತಾಳೆ, ಕೊನೆಗೆ ಮುಕುಂದಯ್ಯನ ಕೈ ಹಿಡೀತಾಳೆ. ಇಷ್ಟೇ ಆಗಿದ್ದರೆ ಅದೂ ಗೌಡರ ಮನೆಯ ರೊಮ್ಯಾನ್ಸ್ ಆಗಿ ಮುಗೀತಿತ್ತು. ಆದರೆ ಕಾದಂಬರಿ ಶುರುವಾಗೋದೇ ಗುತ್ತಿಯಿಂದ. ಒಡೆಯರ ಮನೆಯ ಜೀತದಾಳು, ತಿಮ್ಮಿಯನ್ನ ಹಾರಿಸಿಕೊಂಡು ಬರೋಕೆ ನಾಯಿ ಹುಲಿಯನ ಜೊತೆ ಹೊರಟವನು. ಚಿನ್ನಮ್ಮನಿಗೆ ಆ ರಾತ್ರಿ ಜೊತೆಯಾಗೋಳು ಗಟ್ಟದ ಕೆಳಗಿನಿಂದ ಬಂದ ಕೂಲಿ ಹೆಣ್ಣು ಪೀಂಚಲು. ಅವಳಿಗೂ ಅವಳ ಐತನಿಗೂ ಪುಸ್ತಕದಲ್ಲಿ ತಮ್ಮದೇ ಪ್ರೀತಿ, ತಮ್ಮದೇ ಪುಟಗಳಿವೆ. ಬ್ರಿಡ್ಜರ್ಟನ್ ಗಾಡಿ ಹೊಡೆಯೋನ ಲವ್ ಸ್ಟೋರಿ ನಮಗ್ಯಾರಿಗಾದ್ರೂ ಗೊತ್ತಾ?

‘ನಗಿಸೋ ಕತೆಗೆ ಜಾತಿ, ಕೂಲಿ ಎಲ್ಲ ತಂದು ಯಾಕಪ್ಪಾ ಭಾರ ಮಾಡ್ತೀಯ?’ ಅಂತ ಕೆಲವರು ಕೇಳಬಹುದು. ಮೂಡಿಗೆರೆಯಲ್ಲೇ ಬಾಳಿದ ತೇಜಸ್ವಿ ‘ಕರ್ವಾಲೊ’ದಲ್ಲಿ ಮಂದಣ್ಣನ ಮದುವೆ ಪ್ರಸಂಗ ಬರೆದಿದ್ದಾರೆ, ಓದಿ. ಎಕರೆಗಟ್ಟಲೆ ತೋಟ ಇಲ್ಲದ ಮಂದಣ್ಣನಿಗೂ ಮದುವೆಯ ಆಸೆ ಇದೆ, ಅದಕ್ಕೊಂದು ಗೌರವ ಇದೆ, ಓದ್ತಾ ಓದ್ತಾ ನಾವು ಹೊಟ್ಟೆ ಹಿಡ್ಕೊಂಡು ನಗ್ತೀವಿ. ನಗು ಬಂಗಲೆಯವರ ಸ್ವತ್ತಲ್ಲ. ಬಡವರ ಪ್ರೀತಿ ಬಂದ ತಕ್ಷಣ ಹಿನ್ನೆಲೆಯಲ್ಲಿ ಅಳು ಮ್ಯೂಸಿಕ್ ಹಾಕೋದು ಬರೆಯೋರ ಸೋಮಾರಿತನ. ಆಸ್ಟಿನ್ ದುಡ್ಡಿನ ದುರಾಸೆಯನ್ನೇ ತಮಾಷೆ ಮಾಡಿ ತೋರಿಸಿದರು. ನಾವೂ ಎಕರೆ ಕೇಳೋ ಮಾವನನ್ನ, ಜಾತಿ ಕೇಳೋಕೆ ಸುತ್ತಿ ಬಳಸಿ ‘ನಿಮ್ಮದು ಯಾವ ಕಡೆ?’ ಅನ್ನೋ ಅತ್ತೆಯನ್ನ ಹಾಗೇ ತೋರಿಸಬಹುದು.

ಹಾಗಾಗಿ ಬ್ರಿಡ್ಜರ್ಟನ್ ನೋಡೋರೆಲ್ಲ ನೋಡಿ. ಆದರೆ ನಮ್ಮ ಪತ್ರಿಕೆಗೆ ಲವ್ ಸ್ಟೋರಿ ಬರೆಯೋ ಗೆಳೆಯ ಗೆಳತಿಯರೇ, ಬಾಲ್ ಡ್ಯಾನ್ಸ್ ಬದಲು ತೂಕದ ತಕ್ಕಡಿ ಹತ್ತಿರ ಒಂದು ಭೇಟಿ ಮಾಡಿಸಿ. ಲೈನ್ ಮನೆಯ ಹುಡುಗಿಗೆ ಚೆನ್ನಾಗಿ ಕಾಲೆಳೆಯೋ ಮಾತು ಕೊಡಿ, ಹುಡುಗನನ್ನ ಸ್ವಲ್ಪ ತೊದಲಿಸಿ. ಇಬ್ಬರಲ್ಲಿ ಮೊದಲು ಯಾರು ‘ನೀವು’ ಬಿಟ್ಟು ‘ನೀನು’ ಅಂತಾರೆ ಅನ್ನೋದರ ಮೇಲೇ ಇಡೀ ಕತೆ ಓಡಿಸಬಹುದು.